ತಡೆಗೋಡೆಯ ಒಳಗಿನ ಕಬ್ಬಿಣಕ್ಕೆ ಆಯುಸ್ಸು ಎಷ್ಟು?

ಅಡಿಕೆ ಕೊಯ್ಲು ತೊಡಗುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸಾಲದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಆ ವರ್ಷದ ಮಳೆ ಯಾರ ಯಾರ ಜಾಗದಲ್ಲಿ ಏನೇನು ಮಾಡಿ ಹೋಯಿತೆಂದು ತಿಳಿಯುತ್ತದೆ. ಹಿಂದೆಲ್ಲ ಅರ್ಜಿ ಎಂದರೆ ಪಂಪುಸೆಟ್ಟು, ಬಾವಿ, ಗೊಬ್ಬರದ ಗುಂಡಿ, ಅಡಿಕೆ ಒಣಗಿಸುವ ಅಂಗಳ, ಇಷ್ಟೇ. ಈಚಿನ ವರ್ಷಗಳಲ್ಲಿ ‘ಧರೆಗೆ ತಡೆಗೋಡೆ ಕಟ್ಟುವ ಬಾಬ್ತು’ ಎಂಬ ಸಾಲು ಮತ್ತೆ ಮತ್ತೆ ಕಾಣುತ್ತಿದೆ. ಇದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೈಲಿನ ಜಾಗ ಮುಗಿದು ತೋಟ ಗುಡ್ಡೆ ಹತ್ತಿದೆ. ಹಿಂದೆ ಪಿಕ್ಕಾಸು ಹಾರೆ ಹಿಡಿದು ಗುಡ್ಡೆ ಕಡಿಯುವಾಗ ಒಂದು ಬೇಸಿಗೆಗೆ ಆಗುತ್ತಿದ್ದದ್ದು ಎರಡು ಮೆಟ್ಟಿಲು. ಮಳೆಗಾಲದಲ್ಲಿ ಜರಿಯುವುದು ಜರಿದು, ನಿಲ್ಲುವುದು ನಿಂತು, ಮಣ್ಣು ತನ್ನ ಅಳತೆಯನ್ನು ತಾನೇ ಕಂಡುಕೊಳ್ಳುತ್ತಿತ್ತು. ಈಗ ಹಿಟಾಚಿ ಎರಡು ದಿನದಲ್ಲಿ ಹದಿನೈದು ಅಡಿ ಎತ್ತರದ ಧರೆಯನ್ನು ನೆಟ್ಟಗೆ ಕಡಿದು ಕೊಟ್ಟು ಹೋಗುತ್ತದೆ. ಅದನ್ನು ನಿಲ್ಲಿಸುವ ಕೆಲಸ ಗೋಡೆಯದ್ದು.

ಆ ಗೋಡೆಗಳ ಅಂದಾಜು ಪಟ್ಟಿಯಲ್ಲಿ ಈಗ ಕಬ್ಬಿಣ ಧಾರಾಳವಾಗಿದೆ. ಕಾಂಕ್ರೀಟಿನ ಒಳಗಿನ ಸರಳು, ಧರೆಯ ಹೊಟ್ಟೆಗೆ ಹೊಗಿಸುವ ಎಳೆಸರಳು, ಕಲ್ಲು ತುಂಬುವ ತಂತಿಬುಟ್ಟಿ ಎಲ್ಲವೂ ಇವೆ. ಗೋಡೆ ಎಷ್ಟು ಉದ್ದ, ಎಷ್ಟು ಎತ್ತರ, ಕಂತು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮಣ್ಣಿನೊಳಗೆ ಹೋದ ಆ ಕಬ್ಬಿಣ ಎಷ್ಟು ವರ್ಷ ಕಬ್ಬಿಣವಾಗಿಯೇ ಇರುತ್ತದೆ ಎಂದು ಕೇಳಿದವರನ್ನು ನಾವು ಈವರೆಗೆ ಕಂಡಿಲ್ಲ. ಒಮ್ಮೆ ನಾವೂ ಕೇಳಿರಲಿಲ್ಲ. ಅದರ ಕಥೆಯನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು.

2004ರ ಬೇಸಿಗೆಯಲ್ಲಿ ನಾವು ನಮ್ಮ ಅಡಿಕೆ ಅಂಗಳದ ಹಿಂದಿನ ಧರೆಗೆ ಒಂಬತ್ತು ಅಡಿ ಎತ್ತರದ ಗೋಡೆ ಕಟ್ಟಿಸಿದೆವು. ಒಂದು ಕಲ್ಲಿನ ದಪ್ಪಕ್ಕೆ ಮುರಕಲ್ಲು, ನಡುನಡುವೆ ಕಾಂಕ್ರೀಟಿನ ಬೆಲ್ಟು, ಆ ಬೆಲ್ಟಿನಿಂದ ಹತ್ತು ಅಡಿ ಉದ್ದದ ಸರಳುಗಳನ್ನು ಹಿಂದಕ್ಕೆ ಕೊಂಡುಹೋಗಿ ಮಣ್ಣಿನಲ್ಲಿ ಕಾಂಕ್ರೀಟು ಗಟ್ಟಿಗೆ ಕಟ್ಟಿ ಹೂತದ್ದು. ಗೋಡೆ ತೆಳ್ಳಗಾದರೂ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದ ಹಾಗೆ ನಿಲ್ಲುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಮನೆ ಕಟ್ಟಿ ಉಳಿದ 10 ಮಿಲಿಮೀಟರಿನ ಸರಳು ಹಾಗೇ ಬಿದ್ದಿತ್ತು, ಅದನ್ನೇ ಹಾಕಿಸಿದೆವು. ಬಣ್ಣ ಬಳಿಯಬೇಕೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ, “ಮಣ್ಣಡಿಗೆ ಹೋದ್ ಕಬ್ಣಕ್ಕೆ ಎಂತ ಆತ್ತ್ ಅಯ್ಯಾ, ಮಳಿ ಇಲ್ಲ, ಗಾಳಿ ಇಲ್ಲ” ಎಂದರು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ನಾವು ತಲೆಯಾಡಿಸಿದೆವು.

ಹದಿನೈದು ವರ್ಷ ಗೋಡೆಗೆ ಏನೂ ಆಗಲಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಗೋಡೆಯ ನಡುಭಾಗ ಹೊಟ್ಟೆ ಬಂದಂತೆ ಕಂಡಿತು. ಅದರ ಬುಡದಲ್ಲೇ ನಮ್ಮ ತೋಟದ ಕೆಲಸದವರ ಸಂಸಾರವಿದ್ದ ಕೋಣೆ. ನಮ್ಮ ಮನೆಯವರು ಹಟ ಹಿಡಿದು ಅದೇ ಸಂಜೆ ಅವರನ್ನು ನಮ್ಮ ಚಾವಡಿಗೆ ಕರೆಸಿಕೊಂಡರು. ನಾವಾದರೆ ಮಳೆ ಬಿಟ್ಟ ಮೇಲೆ ನೋಡೋಣ ಎನ್ನುತ್ತಿದ್ದೆವು. ನಾಲ್ಕನೆಯ ರಾತ್ರಿ ಗೋಡೆ ಕೋಣೆಯ ಮೇಲೆ ಬಿತ್ತು. ಮಂಚ ಇದ್ದ ಜಾಗದಲ್ಲಿ ಎದೆಮಟ್ಟ ಮಣ್ಣು.

ಮಣ್ಣು ತೆಗೆಸುವಾಗ ಸರಳುಗಳು ಸಿಕ್ಕಿದವು. ಧರೆಯ ಒಳಗೆ, ಗಟ್ಟಿ ಮಣ್ಣಿನಲ್ಲಿದ್ದ ತುದಿ ಇನ್ನೂ ಸರಳಿನಂತೆಯೇ ಇತ್ತು, ಮೇಲೆ ಕೆಂಪು ಸಿಪ್ಪೆ ಅಷ್ಟೆ. ಗೋಡೆಯಿಂದ ಹೊರಟು ಮೊದಲ ಎರಡು ಅಡಿ ಮಾತ್ರ ಕೆಲವು ಕಡೆ ಪೆನ್ಸಿಲಿಗಿಂತ ತೆಳ್ಳಗಾಗಿ, ಕೆಲವು ಕಡೆ ಕೈಯಲ್ಲಿ ಬಗ್ಗಿಸಿದರೆ ಪಟಕ್ಕನೆ ಮುರಿಯುವಂತಿತ್ತು. ಇಲ್ಲೊಂದು ಲೆಕ್ಕ ಹೇಳಬೇಕು. 10 ಮಿಲಿಮೀಟರಿನ ಸರಳು 6 ಮಿಲಿಮೀಟರಿಗೆ ಇಳಿದರೆ ಬಲ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು ಎಂದು ತೋರುತ್ತದೆ. ಹಾಗಲ್ಲ. ಎಳೆತಕ್ಕೆ ನಿಲ್ಲುವುದು ಅಡ್ಡಕೊಯ್ತದ ವಿಸ್ತೀರ್ಣ. ಅದು ನೂರರಲ್ಲಿ 36ಕ್ಕೆ ಇಳಿದಿರುತ್ತದೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ರೂಪಾಯಿಗೆ ಆರಾಣೆಯೂ ಪೂರ್ತಿ ಉಳಿಯಲಿಲ್ಲ.

ಮಣ್ಣಿಗೆ ಕಬ್ಬಿಣ ಏಕೆ ಬೇಕು ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭ. ಮಣ್ಣು ಒತ್ತುವಿಕೆಗೆ ನಿಲ್ಲುತ್ತದೆ, ಎಳೆತಕ್ಕೆ ನಿಲ್ಲುವುದಿಲ್ಲ. ಮಣ್ಣಿನ ಗೋಡೆಗೆ ಬೈಹುಲ್ಲು ಕಲಸಿ ಮೆಟ್ಟಿದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಇದನ್ನೇ ಶಾಸ್ತ್ರವಾಗಿ ಮಾಡಿದವರು ಫ್ರಾನ್ಸಿನ ಆಂರಿ ವಿದಾಲ್ ಎಂಬ ಎಂಜಿನಿಯರು. ಕಡಲ ದಂಡೆಯಲ್ಲಿ ಹೊಯಿಗೆ ರಾಶಿಯ ನಡುವೆ ಪೈನ್ ಮರದ ಸೂಜಿಯೆಲೆ ಇಟ್ಟಾಗ ರಾಶಿ ಕಡಿದಾಗಿ ನಿಂತದ್ದನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. 1963ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. 1965ರಲ್ಲಿ ಪಿರನೀಸ್ ಪರ್ವತದಲ್ಲಿ ಮೊದಲ ಗೋಡೆ ಎದ್ದಿತು. ಒಂದು ಪದರ ಮಣ್ಣು, ಅದರ ಮೇಲೆ ಉಕ್ಕಿನ ಪಟ್ಟಿಗಳು, ಮತ್ತೆ ಮಣ್ಣು, ಮತ್ತೆ ಪಟ್ಟಿ. ಪಟ್ಟಿಯ ತಿಕ್ಕಾಟದಿಂದ ಮಣ್ಣಿನ ರಾಶಿಯೇ ಒಂದು ದಪ್ಪ ಗೋಡೆಯಾಗುತ್ತದೆ. ಹೊರಗೆ ಕಾಣುವ ಕಾಂಕ್ರೀಟು ಹಲಗೆ ಬರೀ ಮುಖ. ಹೆದ್ದಾರಿಯ ಮೇಲ್ಸೇತುವೆಗಳ ಎರಡೂ ತುದಿಯಲ್ಲಿ ನೆಟ್ಟಗೆ ನಿಂತ ಹಲಗೆಗೋಡೆಗಳು ಇದೇ ಜಾತಿಯವು. ಈಗ ಬಹಳ ಕಡೆ ಉಕ್ಕಿನ ಬದಲು ಪಾಲಿಮರ್ ಪಟ್ಟಿ, ಜಾಲರಿಗಳನ್ನು ಹಾಸುತ್ತಾರೆ. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ನಾವು ಈಗ ಹೇಳಹೊರಟ ತುಕ್ಕು.

ತುಕ್ಕು ಎಂದರೇನು? ಅಡಿಕೆ ಬೆಳೆಗಾರರಿಗೆ ಇದನ್ನು ಪುಸ್ತಕ ತೆರೆಯದೆ ವಿವರಿಸಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಹದ ಬಂದಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಅದ್ದಿ ಹಿಡಿಯುತ್ತೇವೆ. ಚೂರಿಯ ಮೇಲೆ ಕೆಂಪು ಲೇಪ ಬಂದರೆ ತುತ್ತು ಹೆಚ್ಚಾಯಿತು, ಇನ್ನಷ್ಟು ಸುಣ್ಣ ಹಾಕು ಎಂದು ಅರ್ಥ. ಆ ಕೆಂಪು ತಾಮ್ರ ಎಲ್ಲಿಂದ ಬಂತು? ನೀರಿನಿಂದ. ತಾಮ್ರ ಬಂದು ಕೂತ ಲೆಕ್ಕಕ್ಕೆ ಸರಿಯಾಗಿ ಚೂರಿಯ ಕಬ್ಬಿಣ ಕರಗಿ ನೀರಿಗೆ ಇಳಿದಿರುತ್ತದೆ. ಕಬ್ಬಿಣವು ಬೇರೆ ಯಾರಾದರೂ ಕೇಳಿದರೆ ತನ್ನ ವಿದ್ಯುತ್ ಕಣಗಳನ್ನು ಕೊಟ್ಟು ಕರಗಿಹೋಗುವ ಲೋಹ. ದ್ರಾವಣದಲ್ಲಿ ಕೇಳುವುದು ತಾಮ್ರ. ಒದ್ದೆ ಮಣ್ಣಿನಲ್ಲಿ ಕೇಳುವುದು ಗಾಳಿಯ ಆಮ್ಲಜನಕ, ಹುಳಿ ಮಣ್ಣಿನಲ್ಲಿ ಅದರ ಜತೆಗೆ ಆಮ್ಲ. ಕೊಟ್ಟು ಮುಗಿದ ಕಬ್ಬಿಣ ನೀರು, ಗಾಳಿ ಸೇರಿ ತುಕ್ಕಾಗುತ್ತದೆ.

ಅದೇ ಚೂರಿ ಪರೀಕ್ಷೆ ಇನ್ನೊಂದನ್ನೂ ಕಲಿಸುತ್ತದೆ. ಸುಣ್ಣ ಸಾಕಷ್ಟು ಬಿದ್ದ ಮೇಲೆ ಚೂರಿ ಕೆಂಪಾಗುವುದಿಲ್ಲ. ತಾಮ್ರ ತಳ ಹಿಡಿಯಿತು ಎಂಬುದು ಒಂದು ಕಾರಣ. ಸುಣ್ಣದ ನೀರಿನಲ್ಲಿ ಕಬ್ಬಿಣ ತನ್ನ ಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಕಟ್ಟಿಕೊಳ್ಳುತ್ತದೆ ಎಂಬುದೂ ನಿಜ. ಸಿಮೆಂಟು ಗಟ್ಟಿಯಾಗುವಾಗ ಧಾರಾಳ ಸುಣ್ಣ ಬಿಡುತ್ತದೆ. ಕಾಂಕ್ರೀಟಿನೊಳಗಿನ ತೇವದ ಪಿ.ಎಚ್. 12ಕ್ಕೂ ಮೇಲೆ ಇರುತ್ತದೆ. ಒಳ್ಳೆಯ ಕಾಂಕ್ರೀಟಿನಲ್ಲಿ ಸರಳು ಹತ್ತಾರು ವರ್ಷ ಬಾಳುವುದು ಈ ಪೊರೆಯ ದೆಸೆಯಿಂದ. ಕಾಂಕ್ರೀಟಿನಿಂದ ಹೊರಗೆ ಬಂದು ಮಣ್ಣಿಗೆ ಕಾಲಿಟ್ಟಲ್ಲಿಗೆ ಪೊರೆ ಮುಗಿಯಿತು.

ನಮ್ಮ ಸರಳು ಗೋಡೆಯ ಹತ್ತಿರವೇ ಏಕೆ ತಿಂದುಹೋಯಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಒಂದೇ ಸರಳಿನ ಒಂದು ತುದಿ ಕಾಂಕ್ರೀಟಿನಲ್ಲಿ, ಇನ್ನೊಂದು ಭಾಗ ಮಣ್ಣಿನಲ್ಲಿ ಇದ್ದಾಗ ಅವೆರಡೂ ಎರಡು ಬೇರೆ ಲೋಹಗಳ ಹಾಗೆ ನಡೆದುಕೊಳ್ಳುತ್ತವೆ. ಟಾರ್ಚಿನ ಸೆಲ್ಲಿನಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಮಣ್ಣಿನ ಕಡೆಯದ್ದು ಸೆಲ್ಲಿನ ಸತುವಿನ ಹಾಗೆ ಸವೆಯುತ್ತದೆ. ಸವೆತ ಬಹಳವಾಗಿ ಇರುವುದು ಸಂಧಿಯ ಪಕ್ಕದಲ್ಲಿ, ಏಕೆಂದರೆ ಅಲ್ಲಿ ಕರೆಂಟಿಗೆ ದಾರಿ ಹತ್ತಿರ. ಬೇಲಿಯ ಕಬ್ಬಿಣದ ಕಂಬವೂ ಕಾಂಕ್ರೀಟಿನಿಂದ ಹೊರಬರುವ ಕೊರಳಿನಲ್ಲೇ ಮುರಿಯುತ್ತದೆ. ಎಲ್ಲರೂ ಕಂಡದ್ದೇ, ಆದರೆ ಯಾಕೆಂದು ಯೋಚಿಸಿದ್ದಿಲ್ಲ.

ಮಣ್ಣಿನ ಜಾತಿ ಬೆರೆತರೂ ಇದೇ ಗತಿ. ಮುರಕಲ್ಲಿನ ಪದರದ ಕೆಳಗೆ ನಮ್ಮ ಗುಡ್ಡೆಗಳಲ್ಲಿ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು. ಒಣಗಿದಾಗ ಸುಣ್ಣದ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಹಿಟ್ಟು ಕಲಸಿದಂತೆ ಹರಿಯುತ್ತದೆ. 2017ರ ಮಳೆಗಾಲದಲ್ಲಿ ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡೆ ಜರಿದು ಹೆದ್ದಾರಿಗೆ ಬಂದದ್ದು ಅನೇಕರಿಗೆ ನೆನಪಿರಬಹುದು. ಹಿಟಾಚಿ ಕಡಿದು ಹಾಕಿದ ರಾಶಿಯನ್ನೇ ಗೋಡೆಯ ಹಿಂದೆ ತುಂಬಿಸಿದರೆ ಅದರಲ್ಲಿ ಜಲ್ಲಿಯಂಥ ಮಣ್ಣೂ ಶೇಡಿಯ ಮುದ್ದೆಯೂ ಕೂಡಿರುತ್ತವೆ. ಸರಳಿಗೆ ಶೇಡಿ ಮುದ್ದೆ ಅಂಟಿಕೊಂಡ ಕಡೆ ಗಾಳಿ ಕಡಿಮೆ, ಪಕ್ಕದಲ್ಲಿ ಹೆಚ್ಚು. ಗಾಳಿ ಹೆಚ್ಚಿರುವಲ್ಲಿ ತುಕ್ಕು ಹೆಚ್ಚು ಎಂದು ನಾವು ಅಂದುಕೊಂಡರೆ ತಪ್ಪುತ್ತೇವೆ. ಮುದ್ದೆಯ ಅಡಿಯಲ್ಲೇ ಕಬ್ಬಿಣ ಹೊಂಡ ಬೀಳುವುದು. ಗಾಳಿಯೇ ಇಲ್ಲದ ಕೆಸರಿನಲ್ಲೂ ಕಬ್ಬಿಣಕ್ಕೆ ಕ್ಷೇಮ ಎನ್ನುವಂತಿಲ್ಲ. ಸಲ್ಫೇಟನ್ನು ತಿಂದು ಬದುಕುವ ಸೂಕ್ಷ್ಮ ಜೀವಿಗಳು ಅಲ್ಲಿವೆ. ಅವುಗಳ ಕೆಲಸ ನಡೆದಲ್ಲಿ ತುಕ್ಕು ಕೆಂಪಾಗಿರದೆ ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ತೋಡಿನ ಬದಿಯ ಗೋಡೆ ಅಗೆಯುವಾಗ ಈ ವಾಸನೆ ಬಂದರೆ ಗಮನಿಸಬೇಕು.

ಹುಳಿ ಮತ್ತು ಉಪ್ಪು ನಮಗೆ ಎರಡೂ ಇವೆ. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ. ಸುಣ್ಣ ಹಾಕದ ತೋಟದಲ್ಲಿ ಪಿ.ಎಚ್. 5ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುವುದು ಅಪರೂಪವಲ್ಲ. ಉಪ್ಪಿನ ವಿಚಾರವಾಗಿ ಹೆಮ್ಮಾಡಿಯವರಿಗೆ ಹೇಳಬೇಕಾದ್ದಿಲ್ಲ. ಒಂದು ಬದಿಯಲ್ಲಿ ಭರತದ ನೀರು ಏರುವ ಹೊಳೆ, ಆಚೆ ತ್ರಾಸಿ ಮರವಂತೆಯ ಕಡಲು. ಹೊಳೆ ಬದಿಯ ಬೇಲಿಗೆ ಹಾಕಿದ ಮುಳ್ಳುತಂತಿ ನಾಲ್ಕೈದು ಮಳೆಗಾಲಕ್ಕೆ ಕೈ ಕೊಡುತ್ತದೆ. ಅದೇ ಅಂಗಡಿಯ ತಂತಿ ಕೊಲ್ಲೂರಿನ ಕಡೆ ಅದರ ಎರಡರಷ್ಟು ಬಾಳಿದ್ದನ್ನು ನಾವು ಕಂಡಿದ್ದೇವೆ.

ಕಡಲು ದೂರವಿರುವ ತೋಟದವರು ತಮಗೆ ಉಪ್ಪಿನ ಭಯವಿಲ್ಲ ಎಂದುಕೊಳ್ಳಬಾರದು. ಉಪ್ಪನ್ನು ಚೀಲದಲ್ಲಿ ತಂದು ಹಾಕುವವರು ನಾವೇ. ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷು ಎಂಬ ಶಿಫಾರಸಿನ ಪ್ರಕಾರ ಸುಮಾರು 230 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್ ಬೇಕು. ಅದರ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಕ್ಲೋರೈಡು. ಎಕರೆಗೆ 550 ಮರ ಎಂದು ಹಿಡಿದರೆ ವರ್ಷಕ್ಕೆ 60 ಕಿಲೋ ಕ್ಲೋರೈಡು ತೋಟಕ್ಕೆ ಬಿತ್ತು. ಕಬ್ಬಿಣದ ರಕ್ಷಣೆಯ ಪೊರೆಯನ್ನು ಚುಚ್ಚಿ ತೂತು ಮಾಡುವುದರಲ್ಲಿ ಕ್ಲೋರೈಡಿನಷ್ಟು ನಿಪುಣ ಬೇರೆ ಇಲ್ಲ. ಇದು ಪೊಟ್ಯಾಷು ಹಾಕಬೇಡಿ ಎಂಬ ಮಾತಲ್ಲ. ಮರಕ್ಕೆ ಅದು ಬೇಕು, ನಮ್ಮ ಮಳೆ ಅದನ್ನು ಬೇಗ ತೊಳೆಯುತ್ತದೆ. ಆದರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಮೇಲಿನ ಮೆಟ್ಟಿಲಿನಿಂದ ಇಳಿದು ತಡೆಗೋಡೆಯ ಬೆನ್ನಿಗೆ. ಗೋಡೆಗೆ ಒರಗಿಸಿ ಗೊಬ್ಬರದ ಚೀಲಗಳನ್ನು ಪೇರಿಸುವ ಪದ್ಧತಿಯಂತೂ ಕೂಡದು. ಘಟ್ಟದ ಮೇಲೆ ಕಾಫಿ ಪಲ್ಪಿಂಗ್ ಮಾಡುವ ಸದಸ್ಯರು ಅದರ ಹುಳಿ ನೀರನ್ನು ಗೋಡೆಯ ಹಿಂದೆ ಬಿಡದಂತೆ ನೋಡಿಕೊಳ್ಳಬೇಕು. ಹಳಸಿದ ಆ ನೀರಿನ ಪಿ.ಎಚ್. 4ರವರೆಗೂ ಇಳಿಯುತ್ತದೆ.

ಹಾಗಾದರೆ ಆಯುಸ್ಸು ಎಷ್ಟು? ಇದಕ್ಕೆ ಅಂಕಿಗಳಿವೆ. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘದ ನಿಯಮದಲ್ಲಿ, ಮಣ್ಣಿನಲ್ಲಿ ಹೂಳುವ ಉಕ್ಕಿನ ಪಟ್ಟಿಗೆ 86 ಮೈಕ್ರಾನ್ ದಪ್ಪ ಸತುವಿನ ಲೇಪ ಇರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸತುವು ಮೊದಲ ಎರಡು ವರ್ಷ ವರ್ಷಕ್ಕೆ 15 ಮೈಕ್ರಾನ್, ಆಮೇಲೆ 4 ಮೈಕ್ರಾನ್ ಸವೆಯುತ್ತದೆ; ಅದು ಮುಗಿದ ಮೇಲೆ ಉಕ್ಕು ಪ್ರತಿ ಬದಿಯಲ್ಲೂ ವರ್ಷಕ್ಕೆ 12 ಮೈಕ್ರಾನ್ ಸವೆಯುತ್ತದೆ ಎಂಬುದು ಲೆಕ್ಕ. ಗುಣಿಸಿ ನೋಡಿದರೆ ಸತುವು 16 ವರ್ಷ ಕಾಯುತ್ತದೆ. 75 ವರ್ಷ ಬಾಳಬೇಕಾದರೆ ಮಿಕ್ಕ 59 ವರ್ಷಗಳಲ್ಲಿ ಎರಡು ಬದಿ ಸೇರಿ ಸುಮಾರು 1.4 ಮಿಲಿಮೀಟರು ಉಕ್ಕು ಹೋಗುತ್ತದೆ. ಆದ್ದರಿಂದ ಬೇಕಾದ ದಪ್ಪಕ್ಕಿಂತ ಅಷ್ಟು ಹೆಚ್ಚು ಇಟ್ಟು ಮಾಡಿಸುತ್ತಾರೆ. ಭೂಮಿಗೆ ಬಲಿ ಕೊಡುವ ದಪ್ಪ ಎಂದೇ ಅದನ್ನು ತಿಳಿಯಬಹುದು. ಸತುವಿನ ಇನ್ನೊಂದು ಗುಣವೇನೆಂದರೆ ಲೇಪಕ್ಕೆ ಅಲ್ಲಲ್ಲಿ ಗೀರು ಬಿದ್ದರೂ ಅದು ತಾನು ಮೊದಲು ಕರಗಿ ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ. ಬರೀ ಬಣ್ಣಕ್ಕೆ ಈ ಗುಣವಿಲ್ಲ. ಬಣ್ಣದಲ್ಲಿ ಒಂದು ಗೀರು ಬಿದ್ದರೆ ಸವೆತವೆಲ್ಲ ಆ ಗೀರಿನಲ್ಲೇ ಕೂಡುತ್ತದೆ.

ಈ ಅಂಕಿಗಳನ್ನು ಓದಿ ಸಮಾಧಾನಪಡುವ ಮೊದಲು ಅವುಗಳ ಜತೆಗಿರುವ ಷರತ್ತನ್ನೂ ಓದಬೇಕು. ತುಂಬುವ ಮಣ್ಣಿನ ಪಿ.ಎಚ್. 5ರಿಂದ 10ರ ಒಳಗಿರಬೇಕು, ಕ್ಲೋರೈಡು ಹತ್ತು ಲಕ್ಷದಲ್ಲಿ 100 ಪಾಲನ್ನು ಮೀರಬಾರದು, ಸಲ್ಫೇಟು 200ನ್ನು ಮೀರಬಾರದು, ಎಲೆಗೊಬ್ಬರದ ಅಂಶ ನೂರಕ್ಕೆ ಒಂದರೊಳಗಿರಬೇಕು, ನೀರು ನಿಲ್ಲದೆ ಬಸಿಯಬೇಕು. ಆರಿಸಿ ತಂದ ಮಣ್ಣಿನ ಮಾತು ಇದು. ನಮ್ಮ ಧರೆಯ ರಾಶಿ ಈ ಪರೀಕ್ಷೆಯಲ್ಲಿ ಮೊದಲ ಸಾಲಿನಲ್ಲೇ ನಪಾಸಾಗುವ ಸಂಭವ ಇದೆ. ಷರತ್ತು ತಪ್ಪಿದಲ್ಲಿ ದೊಡ್ಡವರ ಗೋಡೆಗೂ ರಿಯಾಯಿತಿ ಇಲ್ಲ. ಅಮೆರಿಕದ ಲಾಸ್ ವೇಗಾಸ್ ಊರಿನ ಹೆದ್ದಾರಿಯಲ್ಲಿ 1985ರಲ್ಲಿ ಕಟ್ಟಿದ ಇಂಥ ಗೋಡೆಗಳ ಒಳಗಿನ ಉಕ್ಕು ಬಹಳವಾಗಿ ತುಕ್ಕು ತಿಂದದ್ದು 2004ರಲ್ಲಿ ಆಕಸ್ಮಿಕವಾಗಿ ಕಂಡುಬಂತು. ಮರುಭೂಮಿಯ ಊರು, ಮಳೆ ನಮ್ಮ ಒಂದು ವಾರದ್ದು. ಆದರೆ ತುಂಬಿದ ಮಣ್ಣಿನಲ್ಲಿ ಉಪ್ಪಿತ್ತು. ಲೋಹ ಬದಲಿಸಿದರೆ ಆಯಿತಲ್ಲ ಎಂದರೆ ಅದನ್ನೂ ನೋಡಿದ್ದಾರೆ. ಫ್ರಾನ್ಸಿನಲ್ಲೇ ಕೆಲವು ಗೋಡೆಗಳಿಗೆ ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿ ಹಾಕಿದರು. ಮನೆಯ ಲೋಟ ತಟ್ಟೆಯಾಗಿ ಹೊಳೆಯುವ ಲೋಹ ಮಣ್ಣಿನಲ್ಲಿ ಚುಚ್ಚಿದ ಹಾಗೆ ತೂತು ಬಿದ್ದು ಸತುವಿನ ಲೇಪಕ್ಕಿಂತ ಕಡೆಯಾಯಿತು. ಮತ್ತೆ ಸತುವಿಗೇ ಬಂದರು.

ಕಲ್ಲು ತುಂಬುವ ತಂತಿಬುಟ್ಟಿಯನ್ನು ಈಗ ಕೆಲವು ಸದಸ್ಯರು ತೋಡಿನ ಬದಿಗೆ ಹಾಕಿಸುತ್ತಿದ್ದಾರೆ. ಒಳ್ಳೆಯದೇ, ನೀರು ಸರಾಗ ಬಸಿಯುತ್ತದೆ. ಆದರೆ ತಂತಿ ಬರೀ 2.7 ಮಿಲಿಮೀಟರು, ಒಳ್ಳೆಯ ದರ್ಜೆಯ ತಂತಿಗೂ ಸತುವಿನ ಲೇಪ ಸುಮಾರು 35 ಮೈಕ್ರಾನ್. ಮೇಲಿನ ಲೆಕ್ಕ ಹಾಕಿ ನೋಡಿ. ಉಪ್ಪು ನೀರು ಏರುವ ಕಡೆಗಾದರೆ ಸತುವಿನ ಮೇಲೆ ಪಿ.ವಿ.ಸಿ. ಹೊದಿಸಿದ ತಂತಿಯನ್ನೇ ಕೇಳಿ ತರಬೇಕು. ಬೇಲಿಯ ಜಾಲರಿಯನ್ನು ಮಡಚಿ ಬುಟ್ಟಿ ಮಾಡಿ ಕೊಡುವವರಿದ್ದಾರೆ. ಅದು ಬೇಲಿಯಷ್ಟೇ ಬಾಳುತ್ತದೆ.

ಪೂರ್ತಿ ಕಾಂಕ್ರೀಟಿನ ಗೋಡೆಯ ಮಾತು ಬೇರೆ. ಅಲ್ಲಿ ಸರಳನ್ನು ಕಾಯುವುದು ಅದರ ಮೇಲಿನ ಕಾಂಕ್ರೀಟಿನ ಹೊದಿಕೆ. ಕಡಲ ಗಾಳಿ ಬೀಳುವ ಪ್ರದೇಶಕ್ಕೆ ಭಾರತೀಯ ಮಾನಕ 456ರ ಪ್ರಕಾರ ಹೊದಿಕೆ 45 ಮಿಲಿಮೀಟರು, ಕಾಂಕ್ರೀಟು ಎಂ 30 ದರ್ಜೆಯದ್ದು ಇರಬೇಕು. ನಮ್ಮಲ್ಲಿ ಆಗುತ್ತಿರುವುದು ಕೈಬೆರಳಿನ ದಪ್ಪದ ಹೊದಿಕೆ. ಮಣ್ಣಿನ ಕಡೆಯ ಸರಳನ್ನು ನೇರ ಧರೆಗೆ ತಾಗಿಸಿ ಕಾಂಕ್ರೀಟು ಹೊಯ್ದದ್ದನ್ನೂ ಕಂಡಿದ್ದೇವೆ. ಎಳೆತ ಬೀಳುವುದು ಆ ಮಣ್ಣಿನ ಕಡೆಯ ಸರಳಿಗೇ. ಹೊಯಿಗೆಯ ವಿಚಾರವನ್ನೂ ಇಲ್ಲೇ ಹೇಳಬೇಕು. ಅಳಿವೆಯ ಕಡೆಯ ಹೊಯಿಗೆ ಅಗ್ಗಕ್ಕೆ ಸಿಕ್ಕಿತೆಂದು ತಂದು ಕಲಸಿದರೆ, ಹೊರಗಿನ ಉಪ್ಪು ಒಳಗೆ ಬರಲು ಕಾಯುವುದೇ ಬೇಡ, ಒಳಗೇ ಇಟ್ಟು ಮುಚ್ಚಿದಂತೆ. ನಾಲಿಗೆಗೆ ಹಚ್ಚಿ ನೋಡುವ ಹಳೆಯ ಪದ್ಧತಿ ಸಾಲದು. ಕಲಸುವ ನೀರಿನಲ್ಲೂ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡು ಇರಕೂಡದು ಎಂದು ಅದೇ ಮಾನಕ ಹೇಳುತ್ತದೆ; ಬೇಸಿಗೆಯಲ್ಲಿ ಉಪ್ಪಾಗುವ ಬಾವಿಗಳ ಊರು ನಮ್ಮದು. ತುಕ್ಕಾದ ಕಬ್ಬಿಣ ಮೊದಲಿನ ಗಾತ್ರಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಆದ್ದರಿಂದ ಗೋಡೆಯ ಮೈಯಲ್ಲಿ ಸರಳಿನ ಉದ್ದಕ್ಕೇ ಬಿರುಕು ಬಿಟ್ಟು ಕಂದು ಕಲೆ ಇಳಿದರೆ ಅದರ ಮೇಲೆ ಸಿಮೆಂಟು ಬಳಿದು ಸುಮ್ಮನಾಗುವುದು ಹುಣ್ಣಿಗೆ ಪುಡಿ ಹಾಕಿದ ಹಾಗೆ.

ಇಷ್ಟೆಲ್ಲ ಹೇಳಿದರೂ ಗೋಡೆ ಬೀಳುವುದಕ್ಕೆ ತುಕ್ಕೊಂದೇ ಕಾರಣ ಎಂದು ಯಾರೂ ತಿಳಿಯಬಾರದು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ತಡೆಗೋಡೆಯ ಹಲಗೆಗಳು 2022ರ ಮಳೆಗಾಲದಲ್ಲಿ ಉಬ್ಬಿ, ಕೆಳಗಿನ ರಸ್ತೆಯ ಸಂಚಾರ ನಿಲ್ಲಿಸಿ ಮರಳಿನ ಚೀಲ ಒಟ್ಟಬೇಕಾಯಿತು. ತುಕ್ಕು ಹಿಡಿಯುವಷ್ಟು ವಯಸ್ಸೇ ಆ ಗೋಡೆಗೆ ಆಗಿರಲಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ 2025ರ ಮೇ ತಿಂಗಳಲ್ಲಿ ನಮ್ಮ ಊರಿನ ಮೂಲಕ ಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಏರಿ ಕುಸಿದದ್ದು ಅಡಿಯ ಗದ್ದೆಮಣ್ಣು ಭಾರ ತಾಳದೆ. ನಮ್ಮ ಗೋಡೆಯೂ ನೀರು ನಿಂತಿರದಿದ್ದರೆ ಇನ್ನೊಂದೆರಡು ವರ್ಷ ನಿಲ್ಲುತ್ತಿತ್ತೋ ಏನೋ. ಹತ್ತು ಅಡಿ ಎತ್ತರದ ಗೋಡೆಯ ಒಂದು ಮೀಟರು ಉದ್ದಕ್ಕೆ ಬಸಿದ ಮಣ್ಣು ಸುಮಾರು 2.7 ಟನ್ನು ಬಲದಿಂದ ತಳ್ಳುತ್ತದೆ. ಅದೇ ಮಣ್ಣು ಮೇಲಿನವರೆಗೆ ನೀರು ಕುಡಿದು ನಿಂತರೆ ಐದೂವರೆ ಟನ್ನು ದಾಟುತ್ತದೆ. ತುಕ್ಕು ಸರಳಿನ ಬಲವನ್ನು ಅರ್ಧ ಮಾಡುತ್ತ ಬರುತ್ತದೆ, ಒಂದು ರಾತ್ರಿಯ ಮಳೆ ಭಾರವನ್ನು ಎರಡು ಪಟ್ಟು ಮಾಡುತ್ತದೆ. ನೀರು ಬಸಿಯುವ ಕೊಳವೆಗಳನ್ನು ಮೀಟರಿಗೊಂದರಂತೆ ಇಟ್ಟು, ಅವುಗಳ ಹಿಂದೆ ಒಂದು ಅಡಿ ಜಲ್ಲಿ ತುಂಬಿಸಿದರೆ ಭಾರ ಕಡಿಮೆಯಾಗುತ್ತದೆ, ಕಬ್ಬಿಣವೂ ಒಣಗಿರುತ್ತದೆ. ಧರೆಯ ನೆತ್ತಿಯಲ್ಲಿ ಅಗಳು ತೋಡಿ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವುದು ಇದಕ್ಕೂ ಅಗ್ಗ. ಅಜ್ಜಂದಿರ ಕಾಲದಲ್ಲಿ ಪ್ರತಿ ವರ್ಷ ಮಳೆಗೆ ಮೊದಲು ಅಗಳು ಬಿಡಿಸುತ್ತಿದ್ದರು. ಈಗ ಆಳು ಸಿಗುವುದಿಲ್ಲ ಎಂದು ಬಿಟ್ಟಿದ್ದೇವೆ.

ನಮ್ಮ ಅಭಿಪ್ರಾಯ ಕೇಳಿದರೆ, ಆರು ಅಡಿಯೊಳಗಿನ ಧರೆಗೆ ಕಬ್ಬಿಣವೇ ಬೇಡ. ಗಾರೆಯಿಲ್ಲದೆ ಪೇರಿಸಿದ ಶಿಲೆಕಲ್ಲು ಅಥವಾ ಮುರಕಲ್ಲಿನ ಕಟ್ಟಣೆ ಸಾಕು. ಬುಡದ ಅಗಲ ಎತ್ತರದ ಅರ್ಧದಷ್ಟು, ಮುಖ ಸ್ವಲ್ಪ ಧರೆಯ ಕಡೆ ವಾಲಿರಬೇಕು. ನೀರು ಸಂದಿಯಲ್ಲೇ ಬಸಿಯುತ್ತದೆ, ತುಕ್ಕು ಹಿಡಿಯಲು ಅಲ್ಲಿ ಏನೂ ಇಲ್ಲ, ಜರಿದರೂ ಎರಡು ಕಲ್ಲು ಜರಿಯುತ್ತದೆ. ಎತ್ತರ ಹೆಚ್ಚಿದ್ದರೆ ಒಂದೇ ಗೋಡೆ ಏರಿಸುವ ಬದಲು ಹಿಂದೆ ಸರಿಸಿ ಎರಡು ಮೆಟ್ಟಿಲು ಮಾಡಿ ನಡುವೆ ಲಾವಂಚ ನೆಡುವುದು ಮೇಲು. ಹತ್ತು ಅಡಿ ಜಾಗ ಹೋಗುತ್ತದೆ, ಹತ್ತು ಅಡಿಕೆ ಮರ ಕಡಿಮೆಯಾಗುತ್ತವೆ ಎಂಬ ಆಕ್ಷೇಪ ನಮಗೂ ಗೊತ್ತು. ಎಳೆಸರಳು ಹಾಕಲೇಬೇಕೆಂದಿದ್ದರೆ ಎಂಜಿನಿಯರರ ನಕ್ಷೆ, ದಪ್ಪ ಸರಳು, ಬಿಸಿ ಸತುವಿನಲ್ಲಿ ಅದ್ದಿದ ಲೇಪ, ಗೋಡೆಯಿಂದ ಹೊರಡುವಲ್ಲಿ ಮೂರು ಅಡಿಯಾದರೂ ಡಾಂಬರು ಸುತ್ತಿ ಕೊಳವೆಯೊಳಗೆ ಸಿಮೆಂಟು ತುಂಬಿ ಮುಚ್ಚುವುದು, ಬೆನ್ನಿಗೆ ಶೇಡಿ ಸೇರದ ಮಣ್ಣು. ಮನೆ ಕಟ್ಟಿ ಉಳಿದ ಸರಳು ಕೂಡದು. ಇದನ್ನು ಹೇಳುವ ಅಧಿಕಾರ ನಮಗೆ ಬೇರೆಯವರಿಗಿಂತ ಹೆಚ್ಚಿದೆ.

ಈಗಾಗಲೇ ಎಳೆಸರಳಿನ ಗೋಡೆ ಇರುವವರು ಏನು ಮಾಡಬೇಕು? ಹೊರಗಿನಿಂದ ತುಕ್ಕು ಕಾಣುವುದಿಲ್ಲ. ಈ ಬೇಸಿಗೆಯಲ್ಲಿ ಒಂದು ಸರಳಿನ ಮೇಲೆ, ಗೋಡೆಯ ಹಿಂದೆ ಎರಡು ಅಡಿಯವರೆಗೆ ಜಾಗ್ರತೆಯಿಂದ ಮಣ್ಣು ಬಿಡಿಸಿ, ತಂತಿಬ್ರಷ್ಷಿನಲ್ಲಿ ಉಜ್ಜಿ ದಪ್ಪ ಅಳೆದು ನೋಡಿ, ಮತ್ತೆ ಮುಚ್ಚಿ. ಒಂದೇ ಕಡೆ, ಒಣ ದಿನಗಳಲ್ಲಿ, ಮೇಲಿನ ಸಾಲಿನಲ್ಲಿ ಮಾತ್ರ. ಗೋಡೆಯ ತಲೆಗೂ ಬುಡಕ್ಕೂ ದಾರ ಹಿಡಿದು ನಡುವಿನ ಉಬ್ಬನ್ನು ಮಳೆಗೆ ಮೊದಲೂ ಮಳೆಯ ನಡುವೆಯೂ ಅಳೆದು ಗೋಡೆಯ ಮೇಲೇ ಬರೆದಿಡಿ. ಉಬ್ಬು ಬೆಳೆಯುತ್ತಿದ್ದರೆ, ಕೊಳವೆಯಲ್ಲಿ ಬರುತ್ತಿದ್ದ ನೀರು ಮಳೆಯ ನಡುವೆ ಒಮ್ಮೆಗೇ ನಿಂತರೆ, ಧರೆಯ ನೆತ್ತಿಯಲ್ಲಿ ಉದ್ದದ ಬಿರುಕು ಕಂಡರೆ, ಆ ಸಂಜೆಯೇ ಕೆಳಗಿರುವವರನ್ನು ಬೇರೆಡೆ ಮಲಗಿಸಿ. ಗೋಡೆಯ ಕೆಳಗೆ ಇರುವವರು ಹೆಚ್ಚಿನ ಸಲ ಗೋಡೆ ಕಟ್ಟಿಸಿದವರಲ್ಲ.

ಆಡಳಿತ ಮಂಡಳಿಯು ತಡೆಗೋಡೆ ಸಾಲದ ಬಗ್ಗೆ ಎರಡು ತೀರ್ಮಾನ ಮಾಡಿದೆ. ಆರು ಅಡಿಗೆ ಮೇಲಿನ ಗೋಡೆಗೆ ಅರ್ಜಿಯ ಜತೆ ಎಂಜಿನಿಯರರ ನಕ್ಷೆಯನ್ನೂ, ತುಂಬುವ ಮಣ್ಣಿನ ಪಿ.ಎಚ್. ಮತ್ತು ಇ.ಸಿ. ವರದಿಯನ್ನೂ ಇಡಬೇಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋಟದ ಮಣ್ಣು ಕೊಡುವಾಗ ಧರೆಯ ಮಣ್ಣಿನದೂ ಒಂದು ಪೊಟ್ಟಣ ಕೊಟ್ಟರಾಯಿತು. ಕೊನೆಯ ಕಂತನ್ನು ಬಸಿಯುವ ಕೊಳವೆಗಳನ್ನು ಎಣಿಸಿ ನೋಡಿದ ಮೇಲೆಯೇ ಕೊಡಲಾಗುವುದು. ಇದರಿಂದ ಕೆಲವರಿಗೆ ಬೇಸರವಾಗಿರುವುದು ನಮಗೆ ತಿಳಿದಿದೆ.

ಇನ್ನೊಂದು ಕೆಲಸಕ್ಕೆ ಸದಸ್ಯರ ಸಹಕಾರ ಬೇಕು. ನಮ್ಮ ಮಣ್ಣಿನಲ್ಲಿ ಕಬ್ಬಿಣ ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂಬುದನ್ನು ನಾವೇ ತೂಗಿ ನೋಡಬಹುದು. 12 ಮಿಲಿಮೀಟರಿನ ಸರಳಿನ ಒಂದು ಅಡಿ ತುಂಡು ಸುಮಾರು 270 ಗ್ರಾಂ ತೂಗುತ್ತದೆ. ಅದರ ಮೈಯಿಂದ ವರ್ಷಕ್ಕೆ 20 ಮೈಕ್ರಾನ್ ಹೋದರೆ ತೂಕದಲ್ಲಿ ಎರಡು ಗ್ರಾಮಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ ಬರುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಇದು ತಿಳಿಯುವುದಿಲ್ಲ, ಆಭರಣ ಸಾಲದ ತಕ್ಕಡಿಯಲ್ಲಿ ತಿಳಿಯುತ್ತದೆ. ತೂಕ ಮಾಡಿ ನಂಬರು ಕೊರೆದ ತುಂಡುಗಳನ್ನು ಕಚೇರಿಯಲ್ಲಿ ಇಟ್ಟಿದ್ದೇವೆ, ಅರ್ಧ ಸತುವಿನದು, ಅರ್ಧ ಬರಿಯ ಕಬ್ಬಿಣ. ಹೊಳೆ ಬದಿಯವರು, ವಂಡ್ಸೆ ಕಡೆಯ ಗುಡ್ಡೆಯವರು, ಅಡಿಕೆಯ ನಡುವೆ ಕಾಫಿ ಇಟ್ಟವರು ತಲಾ ನಾಲ್ಕು ತುಂಡು ಕೊಂಡುಹೋಗಿ ತಮ್ಮ ಧರೆಯಲ್ಲಿ ಎರಡು ಅಡಿ ಆಳಕ್ಕೆ ಹೂತು, ಜಾಗಕ್ಕೆ ಗುರುತು ಇಟ್ಟು, ಮುಂದಿನ ವರ್ಷ ಕೊಯ್ಲಿಗೆ ಮೊದಲು ತೆಗೆದು ತರಬೇಕು. ತೂಕ ಶುಕ್ರವಾರ ಮಧ್ಯಾಹ್ನದ ಮೇಲೆ, ಆಗ ಚಿನ್ನದ ತಕ್ಕಡಿ ಬಿಡುವಾಗಿರುತ್ತದೆ. ಮಣ್ಣು ತೊಳೆದೇ ತರಬೇಕೆಂದು ಗುಮಾಸ್ತರ ವಿನಂತಿ.